ಮೂವತ್ತೈದೂವರೆ ಇಂಚು

1979ರ ಮಳೆಗಾಲಕ್ಕೆ ಮುಂಚೆ ನಮ್ಮ ಬೀಟಲ್ ಕಾರಿನ ಫ್ಯಾನ್ ಬೆಲ್ಟ್ ಸವೆದು ನಾರು ಬಿಟ್ಟಿತ್ತು. ಅಪ್ಪ ಆಗ ಸಕಲೇಶಪುರದಲ್ಲಿ ಡಾಕ್ಟರು. ಗಾಡಿ 1968ರದು, 1500 ಸಿಸಿ ಎಂಜಿನ್, ಹನ್ನೆರಡು ವೋಲ್ಟಿನದು, ಎರಡು ಕೈ ದಾಟಿ ನಮ್ಮ ಮನೆಗೆ ಬಂದದ್ದು. ಹಾಸನದ ಮೇಸ್ತ್ರಿಯೊಬ್ಬರು ಹಳೇ ಬೆಲ್ಟನ್ನು ಬಿಚ್ಚಿ ಕೈಗಿತ್ತರು. ಅದರ ಬೆನ್ನ ಮೇಲಿನ ನಂಬರು ಅಳಿಸಿಹೋಗಿತ್ತು. ಬೆಲ್ಟನ್ನು ಕತ್ತರಿಸಿ ನೆಲದ ಮೇಲೆ ನೆಟ್ಟಗೆ ಹಾಸಿ, ದರ್ಜಿಯ ಟೇಪು ಹಿಡಿದು ಬೆನ್ನಿನ ಉದ್ದವನ್ನು ನಾನೇ ಅಳೆದೆ. ಮೂವತ್ತೈದೂವರೆ ಇಂಚು, ಮೇಲೊಂದು ಕೂದಲೆಳೆ.

ಕಾರಿನ ಸಾಮಾನಿನ ಅಂಗಡಿಗಳಲ್ಲಿ ಅಂಬಾಸಿಡರಿಂದು ಇತ್ತು, ಫಿಯಟ್‌ದು ಇತ್ತು, ನಮ್ಮದು ಇರಲಿಲ್ಲ. ಕೊನೆಗೆ ಪಂಪ್‌ಸೆಟ್ಟಿಗೂ ಹಿಟ್ಟಿನ ಮಿಲ್ಲಿಗೂ ಬೆಲ್ಟ್ ಮಾರುವ ಅಂಗಡಿಯವರು ಒಂದನ್ನು ತೆಗೆದುಕೊಟ್ಟರು. ಅದರ ಮೇಲೆ ಎ-35 ಎಂದು ಅಚ್ಚಾಗಿತ್ತು. ಮೂವತ್ತೈದೂವರೆಗೆ ಮೂವತ್ತೈದು. ಮೇಸ್ತ್ರಿ ಅದನ್ನು ಕೂರಿಸಿ ನಡುವೆ ಹೆಬ್ಬೆರಳು ಒತ್ತಿ ನೋಡಿದರು. ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗಿತು. "ಸರಿಹೋಯ್ತು ಡಾಕ್ಟ್ರೇ, ಓಡಿಸ್ಕೊಂಡು ಹೋಗಿ" ಅಂದರು.

ಈ ಎಂಜಿನ್ನಿಗೆ ರೇಡಿಯೇಟರೂ ಇಲ್ಲ, ನೀರೂ ಇಲ್ಲ. ಡೈನಮೋದ ಶಾಫ್ಟಿನ ಒಂದು ತುದಿಗೆ ಪುಲ್ಲಿ, ಇನ್ನೊಂದು ತುದಿಗೆ ತಗಡಿನ ಗೂಡಿನೊಳಗೆ ಕೂತ ಫ್ಯಾನ್. ಕ್ರ್ಯಾಂಕಿನ ಪುಲ್ಲಿಯಿಂದ ಮೇಲಕ್ಕೆ ಬರುವ ಒಂದೇ ಬೆಲ್ಟು ಎರಡನ್ನೂ ತಿರುಗಿಸುತ್ತದೆ. ಅದು ಕಡಿದರೆ ಕರೆಂಟೂ ನಿಂತಿತು, ಗಾಳಿಯೂ ನಿಂತಿತು. ಅಂಬಾಸಿಡರ್ ಆದರೆ ನೀರು ಕುದಿದು ಬಾನೆಟ್ಟಿನಿಂದ ಹಬೆ ಏಳುತ್ತಿತ್ತು, ಯಾರಾದರೂ ಗಾಡಿ ನಿಲ್ಲಿಸುತ್ತಿದ್ದರು. ಬೀಟಲ್‌ನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳೇ ಇಲ್ಲ. ಇರುವುದು ಡೈನಮೋದ ಪುಟ್ಟ ಕೆಂಪು ದೀಪ ಮಾತ್ರ.

ಬೆಲ್ಟ್ ಹಾಕಿ 300 ಕಿಲೋಮೀಟರ್ ಓಡಿರಲಿಕ್ಕಿಲ್ಲ. ಮಂಗಳೂರಿನಿಂದ ವಾಪಸು ಬರುವಾಗ ಗುಂಡ್ಯ ದಾಟಿ ಘಾಟಿ ಹತ್ತುತ್ತಿದ್ದಂತೆ ಆ ದೀಪ ಹತ್ತಿಕೊಂಡಿತು. ಅಪ್ಪ ಗಾಡಿ ನಿಲ್ಲಿಸಲಿಲ್ಲ. ಹಗಲು ಹೊತ್ತು, ಹೆಡ್‌ಲೈಟ್ ಬೇಕಿಲ್ಲ, ಬ್ಯಾಟರಿಯಲ್ಲಿರುವ ಚಾರ್ಜಿನಲ್ಲೇ ಮನೆ ಮುಟ್ಟಬಹುದು ಎಂದು ಲೆಕ್ಕ ಹಾಕಿದರು. ಬ್ಯಾಟರಿಯ ಮಟ್ಟಿಗೆ ಆ ಲೆಕ್ಕ ಸರಿಯಾಗಿಯೇ ಇತ್ತು. ಮೊದಲು ಬಿಸಿ ಆಯಿಲ್ಲಿನ ವಾಸನೆ ಬಂತು. ಆಮೇಲೆ ಏರಿನಲ್ಲಿ ಎಂಜಿನ್ ಟಕಟಕ ಅನ್ನತೊಡಗಿತು. ಮಾರನಹಳ್ಳಿಗೆ ಬರುವಷ್ಟರಲ್ಲಿ ಗಾಡಿಗೆ ಎಳೆಯುವ ಶಕ್ತಿಯೇ ಉಳಿದಿರಲಿಲ್ಲ.

ಹೆಡ್ ಬಿಚ್ಚಿದಾಗ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸುಟ್ಟಿತ್ತು. ಈ ಎಂಜಿನ್ನಿನಲ್ಲಿ ಮೊದಲು ಬೇಯುವುದು ಮೂರನೆಯದೇ. ಆ ಮಾದರಿಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಗೂಡಿನ ಒಳಗೇ ನಿಂತು ಅದರ ಪಾಲಿನ ಗಾಳಿಗೆ ಅಡ್ಡವಾಗುತ್ತದೆ. 1971ರ ಮಾದರಿಯಿಂದ ಕಂಪನಿಯವರು ಕೂಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೆ ಬೇರೆ ಗೂಡು ಮಾಡಿದರು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಪ್ಪ ಎರಡು ದಿನ ಅಲೆದರೂ ಏನೂ ಗಿಟ್ಟಲಿಲ್ಲ. ಕುವೈತಿನಲ್ಲಿದ್ದ ಸೋದರಮಾವ ರಜೆಗೆ ಬರುವಾಗ ವಾಲ್ವನ್ನೂ ಎರಡು ಬೆಲ್ಟನ್ನೂ ತಂದರು. ಅಷ್ಟು ದಿನವೂ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಅಪ್ಪ ರೋಗಿಗಳ ಮನೆಗೆ ಸ್ಕೂಟರಿನಲ್ಲಿ ಹೋದರು, ಮಲೆನಾಡಿನ ಮಳೆಯಲ್ಲಿ. ಆ ಕಾಲ ಚೆನ್ನಾಗಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಮಾವ ತಂದ ಬೆಲ್ಟಿನ ಮೇಲೆ 9.5×905 ಎಂದಿತ್ತು. ಅಗಲ ಒಂಬತ್ತೂವರೆ ಮಿಲಿಮೀಟರ್, ಉದ್ದ 905. ಅದನ್ನು ಇಂಚಿಗಿಳಿಸಿದರೆ ನಾನು ಅಳೆದ ಮೂವತ್ತೈದೂವರೆ, ಮೇಲೊಂದು ಕೂದಲೆಳೆಯೇ ಬರುತ್ತದೆ. ಹಾಗಾದರೆ ತಪ್ಪಿದ್ದೆಲ್ಲಿ? ಆಗ ನನಗೆ ಹದಿನೇಳು ವರ್ಷ, ಅರ್ಥವಾಗಲಿಲ್ಲ. ಮುಂದೆ ಕಾರ್ಖಾನೆಯೊಂದರಲ್ಲಿ ಮೆಂಟೆನೆನ್ಸ್ ಕೆಲಸಕ್ಕೆ ಸೇರಿ ಬೆಲ್ಟುಗಳ ನಡುವೆಯೇ ದಿನ ಕಳೆಯತೊಡಗಿದ ಮೇಲೆ ಒಂದು ಮಧ್ಯಾಹ್ನ ಕಾಗದ ಪೆನ್ಸಿಲ್ ಹಿಡಿದು ಕೂತೆ.

ಎ-35 ಎಂಬಲ್ಲಿನ ಮೂವತ್ತೈದು ಬೆಲ್ಟಿನ ಒಳಸುತ್ತು. ಕಾರಿನ ಬೆಲ್ಟಿನ 905 ಹೊರಸುತ್ತು. ಎ ಬೆಲ್ಟಿನ ದಪ್ಪ 8 ಮಿಲಿಮೀಟರ್, ಹಾಗಾಗಿ ಅದರ ಹೊರಸುತ್ತು ಒಳಸುತ್ತಿಗಿಂತ ಸುಮಾರು 50 ಮಿಲಿಮೀಟರ್ ಹೆಚ್ಚು. ಅಂದರೆ ನಮಗೆ ಕೊಟ್ಟದ್ದು 939ರ ಬೆಲ್ಟು. ಅಷ್ಟು ಉದ್ದದ್ದು ಜೋತಾಡಬೇಕಿತ್ತು, ಆದರೂ ಬಿಗಿಯಾಗಿಯೇ ಕೂತಿತ್ತು. ಅದಕ್ಕೆ ಕಾರಣ ಅಗಲ. ಎ ಬೆಲ್ಟಿನ ಬೆನ್ನು 13 ಮಿಲಿಮೀಟರ್ ಅಗಲ, ನಮ್ಮ ಪುಲ್ಲಿಯ ತೋಡು ಒಂಬತ್ತೂವರೆಯದಕ್ಕೆ ಕಡೆದದ್ದು. ಬೆಲ್ಟು ತೋಡಿನೊಳಕ್ಕೆ ಇಳಿಯದೆ ಎರಡೂ ಪುಲ್ಲಿಗಳಲ್ಲಿ ಐದಾರು ಮಿಲಿಮೀಟರ್ ಮೇಲೆಯೇ ನಿಂತಿತ್ತು, ಹೆಚ್ಚಿನ ಉದ್ದವೆಲ್ಲ ಆ ದೊಡ್ಡ ಸುತ್ತಿಗೆ ಸರಿಹೋಗಿತ್ತು. ಅಗಲದ ತಪ್ಪು ಉದ್ದದ ತಪ್ಪನ್ನು ಮುಚ್ಚಿಬಿಟ್ಟಿತ್ತು. ಹೆಬ್ಬೆರಳಿಗೆ ಸಿಗುವುದು ಬಿಗಿ ಮಾತ್ರ. ಬೆಲ್ಟು ಎಲ್ಲಿ ಕೂತಿದೆ ಎಂಬುದಕ್ಕೆ ಕಣ್ಣು ಹಾಯಿಸಬೇಕು, ನಮ್ಮಲ್ಲಿ ಯಾರೂ ಹಾಯಿಸಲಿಲ್ಲ. ಪುಲ್ಲಿಯ ಅಂಚು ಅದರ ಪಕ್ಕೆಯನ್ನು ದಿನವೂ ಕೊಯ್ಯುತ್ತಿತ್ತು.

ಮೇಸ್ತ್ರಿಯ ಮೇಲೆ ನನಗೆ ಸಿಟ್ಟಿಲ್ಲ. ಟೇಪು ಹಿಡಿದವನು ನಾನು.

ಅಪ್ಪ ಹೋದ ಮೇಲೆ ಗಾಡಿ ನನ್ನ ಹತ್ತಿರವೇ ಇದೆ. ಈಗ ಬೆಲ್ಟಿಗಾಗಿ ಯಾರೂ ಕುವೈತಿನಿಂದ ಬರಬೇಕಿಲ್ಲ, ಫೋನಿನಲ್ಲಿ ಆರ್ಡರ್ ಹಾಕಿದರೆ ವಾರದೊಳಗೆ ಬಾಗಿಲಿಗೆ ಬರುತ್ತದೆ. ಇದು ನಿಜವಾಗಿಯೂ ದೊಡ್ಡ ಅನುಕೂಲ. ಆದರೆ ಹೋದ ವರ್ಷ ಬಂದ ಪೊಟ್ಟಣದ ಮೇಲೆ "ಎಲ್ಲ ಬೀಟಲ್‌ಗಳಿಗೆ" ಎಂದಿತ್ತು, ಒಳಗಿದ್ದದ್ದು 11.3×912. ಅದು ಡೈನಮೋ ಹೋಗಿ ಆಲ್ಟರ್ನೇಟರ್ ಬಂದ ಮೇಲಿನ ಎಂಜಿನ್ನುಗಳದ್ದು. ಉದ್ದದಲ್ಲಿ ಏಳು ಮಿಲಿಮೀಟರ್, ಅಗಲದಲ್ಲಿ ಎರಡೂ ಇಲ್ಲದಷ್ಟು ವ್ಯತ್ಯಾಸ. ಹಾಕಿದರೆ ಕೂರುತ್ತದೆ, ತಿರುಗುತ್ತದೆ, ಹೆಬ್ಬೆರಳಿಗೂ ಸರಿ ಅನ್ನಿಸುತ್ತದೆ. ಎ-35ಕ್ಕೂ ಹಾಗೇ ಅನ್ನಿಸಿತ್ತು. ವಾಪಸು ಕಳಿಸಿದೆ. ಮಾರುವವರು "ಸರ್, ಎಲ್ಲರೂ ಇದನ್ನೇ ತಗೊಳ್ತಾರೆ" ಎಂದರು. ಡೈನಮೋನೋ ಆಲ್ಟರ್ನೇಟರೋ ಎಂದು ಅವರು ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಸರಿಯಾದದ್ದು ಬಂದ ಮೇಲೆ ನಾನೇ ಹಾಕಿದೆ. ಡೈನಮೋದ ಪುಲ್ಲಿ ಎರಡು ಹೋಳಿನದು. ಅದರ ಅಂಚಿನ ಕಚ್ಚಿಗೆ ಸ್ಕ್ರೂಡ್ರೈವರ್ ಕೊಟ್ಟು ಪುಲ್ಲಿ ತಿರುಗದಂತೆ ತಡೆದು, 21ರ ಸ್ಪ್ಯಾನರಿನಲ್ಲಿ ನಟ್ಟು ಸಡಿಲಿಸಿದರೆ ಹೊರಹೋಳು ಕೈಗೆ ಬರುತ್ತದೆ. ಎರಡು ಹೋಳಿನ ನಡುವೆ ನಾಣ್ಯದಂಥ ತೆಳು ವಾಷರುಗಳಿವೆ. ಒಂದನ್ನು ನಡುವಿನಿಂದ ತೆಗೆದರೆ ಹೋಳುಗಳು ಹತ್ತಿರವಾಗಿ ಬೆಲ್ಟು ಮೇಲೇರಿ ಬಿಗಿಯಾಗುತ್ತದೆ, ಒಂದು ಸೇರಿಸಿದರೆ ಕೆಳಗಿಳಿದು ಸಡಿಲ. ತೆಗೆದದ್ದನ್ನು ಎಸೆಯುವ ಹಾಗಿಲ್ಲ. ಹೊರಗೆ ನಟ್ಟಿನ ಕೆಳಗೆ ಹಾಕಬೇಕು, ಮುಂದಿನ ಬೆಲ್ಟಿಗೆ ಅದೇ ಬೇಕಾಗುತ್ತದೆ. ನಟ್ಟು ಬಿಗಿಯುವಾಗ ಎಂಜಿನ್ನನ್ನು ಕೈಯಲ್ಲಿ ಸುತ್ತಿಸುತ್ತಲೇ ಇರಬೇಕು, ಇಲ್ಲದಿದ್ದರೆ ಬೆಲ್ಟು ಹೋಳುಗಳ ಸಂದಿಗೆ ಸಿಕ್ಕಿ ಹಾಕಿದ ದಿನವೇ ಗಾಯಗೊಳ್ಳುತ್ತದೆ. ಕೊನೆಗೆ ಹೆಬ್ಬೆರಳು ಒತ್ತಿದೆ, ಹದಿನೈದು ಮಿಲಿಮೀಟರಿನಷ್ಟು ಬಗ್ಗಿತು. ಆಮೇಲೆ ಟಾರ್ಚ್ ಹಿಡಿದು ಎರಡೂ ಪುಲ್ಲಿಗಳನ್ನು ಪಕ್ಕದಿಂದ ನೋಡಿದೆ. ಬೆಲ್ಟಿನ ಪಕ್ಕೆಗಳು ತೋಡಿನ ಗೋಡೆಗೆ ಪೂರ್ತಿ ಅಂಟಿದ್ದವು, ಹೊಟ್ಟೆ ತಳ ಮುಟ್ಟಿರಲಿಲ್ಲ.

ಎಂಜಿನ್ ಮುಚ್ಚಳದ ಒಳಮೈಗೆ ಬಿಳಿ ಪೇಂಟಿನಲ್ಲಿ ಬರೆದೆ: 9.5×905, ಹೊರಸುತ್ತು. ವಾಷರ್ ಒಳಗೆ 5, ಹೊರಗೆ 2.

ಹೊಸ ಬೆಲ್ಟು ಮೊದಮೊದಲು ಹಿಗ್ಗುತ್ತದೆ. ಹಾಸನಕ್ಕೊಮ್ಮೆ ಹೋಗಿ ಬಂದು ಮತ್ತೆ ನೋಡಿದೆ, ಸಡಿಲವಾಗಿತ್ತು. ಒಂದು ವಾಷರ್ ಹೊರಗೆ ಹಾಕಿ, ಮುಚ್ಚಳದ ಮೇಲೆ ತಿದ್ದಿದೆ. ಒಳಗೆ 4, ಹೊರಗೆ 3.