ಅಬಾಲಾಲರ ನೀರು

ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಹೊರಟರೆ ಹಿರಣ್ಯಕೇಶಿಗೆ ಎದುರಾಗಿ ಹೋದಂತೆ. ಅಂಬೋಲಿ ಘಟ್ಟದಲ್ಲಿ ಹುಟ್ಟಿದ ಹೊಳೆ ನಮ್ಮ ಕಡೆ ಹರಿದುಬರುತ್ತದೆ. ಕಬ್ಬು ಸೂಲಂಗಿ ಬಿಟ್ಟ ಕಾಲ. ದೂರಕ್ಕೆ ಬೆಳ್ಳಗೆ ಕಂಡದ್ದು ಹತ್ತಿರ ಹೋದರೆ ಮಾಸಲು ನೇರಳೆ. ಆ ಬಣ್ಣ ಹಿಡಿಯೋಣವೆಂದು ದಂಡೆಯಲ್ಲಿ ಜಲವರ್ಣದ ಡಬ್ಬಿ ಬಿಚ್ಚಿ ಕೂತೆ. ಎಮ್ಮೆ ಮೈತೊಳೆಯುತ್ತಿದ್ದ ಅಜ್ಜ ಬಹಳ ಹೊತ್ತು ನೋಡಿ, "ಹೊಳಿ ಎಲ್ಲೂ ಓಡಿ ಹೋಗೂದಿಲ್ರಿ ಸಾಹೇಬ್ರ, ಮೊದ್ಲ ಚಾ ಕುಡ್ಯೂಣ ಬರ್ರಿ" ಎಂದ. ಊರು ಮಹಾರಾಷ್ಟ್ರದ್ದು, ಮಾತು ಅಪ್ಪಟ ನಮ್ಮದು.

ಅಲ್ಲಿಂದ ಮುಂದೆ ಕೊಲ್ಹಾಪುರ. ಆ ಊರೆಂದರೆ ಬಾಬೂರಾವ್ ಪೇಂಟರ್ ಅವರ ಸಿನಿಮಾ ನೆನೆಯುವವರೇ ಹೆಚ್ಚು. ನಾನು ಹೋದದ್ದು ಅಬಾಲಾಲ್ ರಹಿಮಾನರಿಗಾಗಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತವರು, ಶಾಹೂ ಮಹಾರಾಜರ ಆಸ್ಥಾನ ಕಲಾವಿದರು. ಆದರೂ ಕೋಟಿತೀರ್ಥ ಕೆರೆಯ ದಂಡೆಯಲ್ಲಿ ಫಕೀರನಂತೆ ಬದುಕಿ, ಊರಿನ ಕೆರೆ, ಹೊಳೆ, ಗಿಡಮರಗಳನ್ನೇ ಬರೆಯುತ್ತ 1931ರಲ್ಲಿ ತೀರಿಕೊಂಡರು. ಬರೆದದ್ದರಲ್ಲಿ ಉಳಿದದ್ದು ಸ್ವಲ್ಪವೇ. ಅವುಗಳಲ್ಲಿ ಕೆಲವು ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿವೆ.

ಅವುಗಳನ್ನು ನೋಡಿದ ಮರುದಿನ ರಂಕಾಳ ಕೆರೆಗೆ ಹೋದೆ. ಅಬಾಲಾಲರು ಬರೆದ ಕಲ್ಲುಕಟ್ಟಡ ಸಂಧ್ಯಾಮಠ ನೀರಲ್ಲಿ ಅರ್ಧ ಮುಳುಗಿ ನಿಂತಿತ್ತು. ಕರಿಕಲ್ಲೆಂದು ಕಪ್ಪು ಬಳಿದರೆ ಕೆಟ್ಟಿತು. ಬೆಳಗಿನ ಎಳೆಬಿಸಿಲಲ್ಲಿ ಅದು ಬೂದುನೀಲಿ. ನೀರು ಇಳಿದ ಗುರುತಿನ ಕೆಳಗೆ ಪಾಚಿಯ ಕಂದು. ನೆರಳಲ್ಲಿ, ಕೆರೆಯಿಂದ ಪುಟಿದ ಬೆಳಕು ತಾಗಿದಲ್ಲಿ, ತುಸು ಹಳದಿ. ಇನ್ನೇನು ಕುಂಚ ಅದ್ದಬೇಕು, ಬಿಸಿಲು ಏರಿ ಎಲ್ಲ ಬದಲು. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಮನೆಯಲ್ಲಿ ಬರೆಯುವವರಿಗೆ (ನಾನೂ ಅದೇ ಜಾತಿ) ಈ ಹಳದಿ ಸಿಕ್ಕುವುದಿಲ್ಲ. ಅದೇ ಕೆರೆಗೆ ಅಬಾಲಾಲರು ಮತ್ತೆ ಮತ್ತೆ ಏಕೆ ಬಂದರೆಂದು ಕೇಳುವ ಅಗತ್ಯವೇ ಉಳಿಯಲಿಲ್ಲ.

ಮರಳುವಾಗ ಇಚಲಕರಂಜಿ. ಓಣಿ ಓಣಿಯಲ್ಲೂ ಪವರ್‌ಲೂಮಿನ ಖಟಖಟ. ಪಂಚಗಂಗೆಯ ಮೇಲೆ ಅಂತರಗಂಗೆಯ ದಪ್ಪ ಹಸಿರು ಹಾಸು, ಅದರ ಸಂದಿಯಲ್ಲಿ ಕದಡಿದ ನೀರು. ಅದನ್ನೂ ಬರೆದೆ. ಚೆಂದವಿದ್ದುದನ್ನಷ್ಟೇ ಬರೆಯುವುದಾದರೆ ಇಷ್ಟು ಹೊತ್ತು ನೋಡುವ ಕಷ್ಟವೇಕೆ? ಈ ನೀರು ಮುಂದೆ ನರಸೋಬವಾಡಿಯಲ್ಲಿ ಕೃಷ್ಣೆಗೆ ಸೇರಿ ನಮ್ಮ ಚಿಕ್ಕೋಡಿ ಸೀಮೆಗೇ ಬರುತ್ತದೆ.