ತಗಡಿನ ಮೇಲೆ ಹೊಳೆ

ನಮ್ಮೂರ ಕಡೆಯ ಹಳೆಯ ಮನೆಗಳಲ್ಲಿ ಪಟವನ್ನು ಗೋಡೆಗೆ ಒತ್ತಿ ನೆಟ್ಟಗೆ ತೂಗುಹಾಕುತ್ತಿರಲಿಲ್ಲ. ಬುಡ ಎರಡು ಮೊಳೆಗಳ ಮೇಲೆ ಕೂತಿರುತ್ತಿತ್ತು, ತಲೆಯನ್ನು ಒಂದು ದಾರ ಹಿಡಿದಿರುತ್ತಿತ್ತು. ದೇವರಾಗಲಿ ಅಜ್ಜನಾಗಲಿ ಗೋಡೆಯಿಂದ ತುಸು ಮುಂದಕ್ಕೆ ಬಾಗಿ, ಕೆಳಗೆ ಚಾಪೆಯ ಮೇಲೆ ಕೂತವರ ಮಾತು ಕೇಳಿಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದರು. ಪಟಕ್ಕೂ ಗೋಡೆಗೂ ನಡುವೆ ಉಳಿದ ಆ ಸಂದಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟುತ್ತಿತ್ತು. ಅಜ್ಜನ ಪಟದ ಹಿಂದಿನಿಂದ ಮರಿಗಳ ಚಿಲಿಪಿಲಿ ಕೇಳಿಸುತ್ತಿದ್ದ ದಿನಗಳಲ್ಲಿ ಆ ಪಟವನ್ನು ಯಾರೂ ಒರೆಸುತ್ತಿರಲಿಲ್ಲ. ಮರಿಗಳು ಹಾರಿಹೋದ ಮೇಲೆಯೇ ಧೂಳು ತೆಗೆಯುವುದು.

ಹೀಗೆ ಬಾಗಿಸಿ ಇಡುವುದರಿಂದ ಇನ್ನೊಂದು ಉಪಕಾರವಿತ್ತು. ಪಟದ ಬೆನ್ನಿಗೆ ಗಾಳಿಯಾಡುತ್ತಿತ್ತು. ಅದಕ್ಕೆ ಎಷ್ಟು ಬೆಲೆಯೆಂಬುದು ತೀರ್ಥಹಳ್ಳಿ ತಾಲ್ಲೂಕಿನವರಿಗೆ ಗೊತ್ತು. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ನಮ್ಮ ಮನೆ ಇರುವಲ್ಲಿ ಅಷ್ಟಿಲ್ಲ, ಆದರೂ ಆಷಾಢ ಬಂತೆಂದರೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಪುಸ್ತಕದ ಹಾಳೆ ಮೆತ್ತಗಾಗುತ್ತದೆ. ಇಂಥ ಒಂದು ಮಳೆಗಾಲದಲ್ಲೇ ಅಪ್ಪ ಅಮ್ಮನ ಮದುವೆಯ ಫೋಟೊ ಹಾಳಾದದ್ದು. ಫೋಟೊ ಕಾಗದದ ಮೇಲ್ಪದರ ಜೆಲಟಿನ್. ತೇವ ಹೀರಿದರೆ ಅದು ಉಬ್ಬುತ್ತದೆ, ಉಬ್ಬಿದಾಗ ಎದುರಿಗಿರುವ ಗಾಜಿಗೆ ತಾಗುತ್ತದೆ, ಬೇಸಿಗೆಯಲ್ಲಿ ಒಣಗುವಾಗ ಗಾಜನ್ನೇ ಹಿಡಿದುಕೊಂಡುಬಿಡುತ್ತದೆ. ಕಟ್ಟು ಬದಲಾಯಿಸಲೆಂದು ಪೇಟೆಯ ಒಂದು ಅಂಗಡಿಗೆ ಒಯ್ದಾಗ ಅಲ್ಲಿಯವರು ಫೋಟೊವನ್ನು ಗಾಜಿನಿಂದ ಎಳೆದರು. ಅಮ್ಮನ ಸೀರೆಯ ಅಂಚು, ಬಾಸಿಂಗದ ಅರ್ಧ, ಅಪ್ಪನ ಎಡಗೈ ಗಾಜಿನ ಮೇಲೆಯೇ ಉಳಿದವು. ಅಮ್ಮ ಏನೂ ಅನ್ನಲಿಲ್ಲ. ಗಾಜನ್ನೂ ಫೋಟೊವನ್ನೂ ಒಂದೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟರು.

ಆ ಗಾಜು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಆದ್ದರಿಂದ, ಮಂಡಗದ್ದೆಯ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಊರಮನೆಯಲ್ಲಿ ಹಾಕಬೇಕೆನ್ನಿಸಿದಾಗ ಮೊದಲು ತೀರ್ಮಾನಿಸಿದ್ದು ಗಾಜು ಬೇಡ, ಕಾಗದವೂ ಬೇಡ ಎಂದು.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಸುಮಾರು ಮೂವತ್ತು ಕಿಲೊಮೀಟರ್ ದೂರದಲ್ಲಿ ಮಂಡಗದ್ದೆ. ರಸ್ತೆಯ ಪಕ್ಕದಲ್ಲೇ ತುಂಗೆ, ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ. ಮಳೆಗಾಲದಲ್ಲಿ ಹೊಳೆ ಏರಿದಾಗ ಅಲ್ಲಿಯ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಲ್ಲುತ್ತವೆ. ಆ ಹೊತ್ತಿಗೇ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬಂದು ಕೊಂಬೆ ಕೊಂಬೆಗೂ ಗೂಡು ಕಟ್ಟುತ್ತವೆ. ಒಂದು ಜುಲೈ ಸಂಜೆ ಮಳೆ ಹೊಳವಾಗಿ, ಮೋಡದ ಕೆಳಗಿನಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಕೆಂಪು ನೀರು ಒಂದು ಕ್ಷಣ ಕೆಂಪಾಗಿರಲಿಲ್ಲ. ಕಪ್ಪಗೆ ನೆನೆದ ಮರಗಳ ಮೇಲೆ ಬೆಳ್ಳಕ್ಕಿಗಳು ಹತ್ತಿಯ ಉಂಡೆಗಳಂತೆ ಕೂತಿದ್ದವು. ನಾನು ತೆಗೆದ ಸಾವಿರಾರು ಚಿತ್ರಗಳಲ್ಲಿ ದೊಡ್ಡದಾಗಿ ನೋಡಬೇಕೆಂದು ನನಗೆ ಅನ್ನಿಸಿದ್ದು ಅದೊಂದೇ.

ಲೋಹದ ಮೇಲೆ ಚಿತ್ರ ಅಚ್ಚು ಹಾಕಿಸುತ್ತೇನೆಂದು ಹೇಳಿದಾಗ ಅಮ್ಮ ಕೇಳಿದ್ದು, “ಎಂತ, ತಗಡಿನ ಮೇಲಾ?” ಎಂದು. ಕನ್ನಡದಲ್ಲಿ ತಗಡು ಎಂಬ ಮಾತಿಗೆ ಮರ್ಯಾದೆ ಕಡಿಮೆ. ಸಿನಿಮಾ ಚೆನ್ನಾಗಿಲ್ಲದಿದ್ದರೆ ತಗಡು, ವಾದದಲ್ಲಿ ಹುರುಳಿಲ್ಲದಿದ್ದರೆ ತಗಡು. ಆದರೆ ನಮ್ಮ ಹಿರಿಯರು ಅಳಿಯಬಾರದು ಎಂದುಕೊಂಡ ದಾನದ ಮಾತುಗಳನ್ನು ಬರೆಸಿದ್ದು ತಾಮ್ರದ ತಗಡಿನ ಮೇಲೆಯೇ. ಫೋಟೊ ಎಂಬ ವಸ್ತು ಮೊದಲು ಕಣ್ಣು ಬಿಟ್ಟದ್ದೂ ತಗಡಿನ ಮೇಲೆಯೇ. ಫ್ರಾನ್ಸಿನ ನಿಯೆಪ್ಸ್ 1826-27ರ ಸುಮಾರಿಗೆ ತನ್ನ ಮನೆಯ ಕಿಟಕಿಯಾಚೆಯ ನೋಟವನ್ನು ಹಿಡಿದದ್ದು ತವರದ ಮಿಶ್ರಲೋಹದ ಫಲಕದ ಮೇಲೆ. ಅದಕ್ಕೆ ಅವನು ಸವರಿದ್ದು ಒಂದು ಬಗೆಯ ಡಾಂಬರು. 1839ರ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ತಿಳಿಸಿದ ಡಾಗೇರನ ವಿಧಾನದಲ್ಲಿ, ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೋಡಿನ್ ಹೊಗೆಗೆ ಹಿಡಿದು, ಬೆಳಕಿಗೆ ಒಡ್ಡಿ, ಆಮೇಲೆ ಪಾದರಸದ ಆವಿಯಲ್ಲಿ ಚಿತ್ರವನ್ನು ಹೊರಗೆ ತರುತ್ತಿದ್ದರು. ಅದನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಓಲಿಸಬೇಕು. ಒಂದು ಕೋನದಲ್ಲಿ ಮುಖ ಕಾಣುತ್ತದೆ, ಇನ್ನೊಂದು ಕೋನದಲ್ಲಿ ಬೆಳಕು ನೆರಳು ಅದಲುಬದಲಾಗುತ್ತವೆ, ಮತ್ತೊಂದರಲ್ಲಿ ನೋಡುವವನ ಮುಖವೇ ಅಲ್ಲಿರುತ್ತದೆ. ಬೆರಳು ತಾಗಿದರೆ ಅಳಿಸಿಹೋಗುವಷ್ಟು ನಾಜೂಕು ಅದು. ಆದ್ದರಿಂದ ಗಾಜಿನ ಹಿಂದೆ ಇಡಲೇಬೇಕಾಗಿತ್ತು.

ನನಗೆ ಇದನ್ನೆಲ್ಲ ಯೋಚಿಸುವಾಗ ನೆನಪಾಗುವುದು ಬೀದರಿನ ಕೆಲಸ. ಸತು ಹೆಚ್ಚು, ತಾಮ್ರ ಕಡಿಮೆ ಬೆರೆಸಿದ ಎರಕದ ಮೇಲೆ ಗೆರೆ ಕೊರೆದು, ಆ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚುತ್ತಾರೆ. ಎರಕ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಕಪ್ಪಿನೊಳಗಿನಿಂದ ಬೆಳಕು ಎದ್ದು ಬರುವುದು ಹೇಗೆಂದು ನೋಡಬೇಕಾದರೆ ಒಂದು ಬಿದರಿ ಹೂದಾನಿ ನೋಡಿದರೆ ಸಾಕು. ಮಂಡಗದ್ದೆಯ ಆ ಸಂಜೆಯಲ್ಲಿ ನಾನು ಕಂಡದ್ದೂ ಅದೇ ಕಪ್ಪು, ಅದೇ ಬೆಳ್ಳಿ.

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಕಣ್ಣಾರೆ ನೋಡಿದೆ. ಚಿತ್ರವನ್ನು ನೇರವಾಗಿ ಲೋಹದ ಮೇಲೆ ಮುದ್ರಿಸುವುದಿಲ್ಲ. ಮೊದಲು ಒಂದು ವಿಶೇಷ ಕಾಗದದ ಮೇಲೆ ಎಡಬಲ ತಿರುಗಿಸಿ ಅಚ್ಚು ಹಾಕುತ್ತಾರೆ. ಕಾಗದದ ಮೇಲೆ ಅದು ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಸಪ್ಪೆಯಾಗಿತ್ತು. ನನ್ನ ಹೊಳೆಯನ್ನು ಹಾಗೆ ಕಂಡು ಮನಸ್ಸು ಸಣ್ಣಗಾಯಿತು. ಆಮೇಲೆ ಪಾಲಿಯೆಸ್ಟರ್ ಲೇಪ ಕೊಟ್ಟ ಅಲ್ಯೂಮಿನಿಯಂ ಹಾಳೆಗೆ ಆ ಕಾಗದ ಹೊಂದಿಸಿ, ದೊಡ್ಡ ಪ್ರೆಸ್ಸಿನಡಿ ಇಟ್ಟು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತುತ್ತಾರೆ. ಶಾಯಿಯ ಬಣ್ಣ ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಮಂಗಳಾರತಿಯ ಕರ್ಪೂರವನ್ನು ಡಬ್ಬಿಯ ಮುಚ್ಚಳ ಸಡಿಲವಾಗಿಟ್ಟರೆ ಒದ್ದೆಯ ಗುರುತೂ ಇಲ್ಲದೆ ಮಾಯವಾಗುತ್ತದಲ್ಲ, ಹಾಗೆ. ಶಾಲೆಯಲ್ಲಿ ಇದಕ್ಕೆ ಉತ್ಪತನ ಎಂಬ ಹೆಸರು ಕಲಿತಿದ್ದೆವು. ಆ ಆವಿ ಬಿಸಿಗೆ ಬಾಯಿ ತೆರೆದ ಲೇಪದೊಳಗೆ ಹೊಕ್ಕು, ತಣಿದಾಗ ಅಲ್ಲೇ ನಿಲ್ಲುತ್ತದೆ. ಚಿತ್ರ ಲೇಪದ ಮೇಲೆ ಕೂತಿಲ್ಲ, ಒಳಗಿದೆ. ಅದರಿಂದಲೇ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಅಳಿಯುವುದಿಲ್ಲ, ಗಾಜಿನ ಕಾವಲು ಬೇಕಿಲ್ಲ.

ಒಂದೆರಡು ನಿಮಿಷದಲ್ಲಿ ಪ್ರೆಸ್ಸು ತೆರೆಯಿತು. ಬಿಸಿ ತಗಡಿನ ಒಂದು ಮೂಲೆಯಿಂದ ಕಾಗದ ಎಬ್ಬಿಸಿದರು. ಅಡಿಯಿಂದ ಮೊದಲು ಕಂಡದ್ದು ಒಂದು ಕೊಂಬೆ, ಮಳೆಯಲ್ಲಿ ನೆನೆದ ಮರದ್ದೇ ಕಪ್ಪು. ಆಮೇಲೆ ನೀರು.

ಅದು ಅಂಗೈಯಗಲದ ನಮೂನೆ ಮಾತ್ರ. ದೊಡ್ಡದಕ್ಕೆ ಮೊದಲು ಒಂದು ತೀರ್ಮಾನ ಆಗಬೇಕಿತ್ತು. ಈ ವಿಧಾನದಲ್ಲಿ ಬಿಳಿ ಶಾಯಿ ಬಳಸುವುದಿಲ್ಲ. ಚಿತ್ರದಲ್ಲಿ ಬಿಳಿ ಇರುವ ಕಡೆ ಬಣ್ಣವೇ ಬೀಳುವುದಿಲ್ಲ, ತಗಡಿನ ಮೈ ಹೇಗಿದೆಯೋ ಹಾಗೇ ಕಾಣುತ್ತದೆ. ತಗಡಿಗೆ ಬಿಳಿ ಲೇಪವಿದ್ದರೆ ಬಿಳಿ, ಪಾರದರ್ಶಕ ಲೇಪವಿದ್ದರೆ ಲೋಹವೇ. ಪ್ರೆಸ್ಸಿನ ಬಳಿ ಇದ್ದ ಹೆಣ್ಣುಮಗಳು ಎರಡೂ ನಮೂನೆ ಮಾಡಿ ಮೇಜಿನ ಮೇಲಿಟ್ಟು ಕೇಳಿದಳು: “ಸರ್, ನಿಮಗೆ ಹಕ್ಕಿ ಬೆಳ್ಳಗಿರಬೇಕಾ, ಹೊಳೆ ಹೊಳೀಬೇಕಾ? ಎರಡೂ ಆಗಲ್ಲ.”

ಅವಳ ಮಾತು ಸರಿಯಾಗಿತ್ತು. ಲೋಹ ಕಾಣುವ ನಮೂನೆಯಲ್ಲಿ ತುಂಗೆ ನಿಜಕ್ಕೂ ಹೊಳೆಯುತ್ತಿತ್ತು. ನಾನು ಒಂದು ಹೆಜ್ಜೆ ಸರಿದರೆ ಬೆಳಕೂ ನೀರಿನ ಮೇಲೆ ಒಂದು ಹೆಜ್ಜೆ ಸರಿಯುತ್ತಿತ್ತು. ಆದರೆ ದೀಪದಿಂದ ದೂರ ಒಯ್ದ ಕೂಡಲೇ ಬೆಳ್ಳಕ್ಕಿಗಳು ಬೂದಿ ಬಣ್ಣಕ್ಕೆ ತಿರುಗಿದವು. ಬಿಳಿ ಲೇಪದ್ದರಲ್ಲಿ ಹಕ್ಕಿಗಳು ಎಲ್ಲಿಟ್ಟರೂ ಹಕ್ಕಿಗಳೇ, ನೀರಿನ ಆಟ ಮಾತ್ರ ಅರ್ಧ. ಎರಡನ್ನೂ ಕಿಟಕಿಯ ಬಳಿಗೆ, ಮೆಟ್ಟಿಲ ಕತ್ತಲೆಗೆ, ಮತ್ತೆ ಕಿಟಕಿಯ ಬಳಿಗೆ ಒಯ್ದು ನೋಡಿದೆ. ನಮ್ಮ ನಡುಮನೆಯಲ್ಲಿ ಮಳೆಗಾಲದ ಮಧ್ಯಾಹ್ನವೂ ದೀಪ ಹಚ್ಚಬೇಕು. ಅಂಥ ಕತ್ತಲೆಯಲ್ಲಿ ಬೂದಿ ಬಣ್ಣದ ಬೆಳ್ಳಕ್ಕಿಯನ್ನು ನೋಡುತ್ತ ಕೂರಲಾರೆ. ಬಿಳಿ ಲೇಪ, ಹೊಳಪು ಮೈ ಎಂದು ಹೇಳಿದೆ.

ಅಳತೆಯ ಲೆಕ್ಕ ಇದಕ್ಕಿಂತ ಸುಲಭವಾಗಿತ್ತು. ನನ್ನ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ 6000, ಉದ್ದಕ್ಕೆ 4000 ಬಿಂದುಗಳು. ಪುಸ್ತಕದ ಹಾಗೆ ಕಣ್ಣಿನ ಹತ್ತಿರ ಹಿಡಿದು ನೋಡಲು ಅಂಗುಲಕ್ಕೆ 300 ಬಿಂದು ಇರಬೇಕೆನ್ನುತ್ತಾರೆ. ಹಾಗೆ ನೋಡಿದರೆ 20 ಅಂಗುಲಕ್ಕೇ ನಿಲ್ಲಬೇಕು. ಗೋಡೆಯ ಚಿತ್ರವನ್ನು ಆರೇಳು ಅಡಿ ದೂರದಿಂದ ನೋಡುವವರಿಗೆ ಅದರ ಅರ್ಧಕ್ಕೂ ಕಡಿಮೆ ಸಾಕು. 48 ಅಂಗುಲಕ್ಕೆ 32 ಎಂದು ಮಾಡಿಸಿದೆ. ಅಂಗುಲಕ್ಕೆ 125 ಬಿಂದು. ತಗಡಿನ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ತೂಕ ಮೂರು ಕಿಲೊ. ಇಷ್ಟೇ ಅಳತೆಯ, ಮೂರು ಮಿಲಿಮೀಟರ್ ದಪ್ಪದ ಗಾಜೊಂದೇ ಏಳು ಕಿಲೊ ಮೀರುತ್ತಿತ್ತು. ಮಣ್ಣಿನ ಗೋಡೆಯ ಮೊಳೆಗೆ ಅದು ಸಣ್ಣ ವಿಷಯವಲ್ಲ.

ಎಲ್ಲವನ್ನೂ ಹೀಗೆ ದೊಡ್ಡದು ಮಾಡಬಹುದು ಎಂದಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪು ಬಿಳುಪಿನ ಕಾಡಿನ ಚಿತ್ರಗಳಿವೆ. ಅವನ್ನು ನಾನು ಕಾಗದದ ಮೇಲೆಯೇ ನೋಡಬಯಸುತ್ತೇನೆ. ಆ ಮೆದು ಬೂದಿ, ಮರಗಳ ನಡುವೆ ಸೋಸಿ ಬಂದ ಬಿಸಿಲು ಕಾಗದದ ಮೈಗೆ ಹೊಂದುವ ಹಾಗೆ ಹೊಳೆಯುವ ಲೋಹಕ್ಕೆ ಹೊಂದುವುದಿಲ್ಲ. ಮಂಜು, ಹಳೆಯ ಮರ, ಮುದುಕರ ಮುಖ ಬೆಳಕನ್ನು ಹೀರುವ ವಸ್ತುಗಳು. ಅವಕ್ಕೆ ಕಾಗದ. ನೀರು, ಹಿಂದಿನಿಂದ ಬೆಳಕು ಬಿದ್ದ ಎಲೆ, ಮಳೆ ತೊಳೆದ ಬಂಡೆ, ರಾತ್ರಿಯ ಪೇಟೆ ಬೆಳಕನ್ನು ತಿರುಗಿ ಕೊಡುವಂಥವು. ಲೋಹ ಒಲಿಯುವುದು ಇವಕ್ಕೆ. ಗಾತ್ರದ ಮಾತೂ ಅಷ್ಟೆ. ಹೊಳೆ ನಾಲ್ಕಡಿಯಾದರೆ ಅದಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಮಗುವಿನ ನಗು ನಾಲ್ಕಡಿಯಾದರೆ ಅದು ನಮ್ಮ ಮಗುವಾಗಿ ಉಳಿಯುವುದಿಲ್ಲ.

ಊರಿಗೆ ತಂದ ದಿನ ಅವಸರದಲ್ಲಿ ಮುಂಬಾಗಿಲಿನ ಎದುರು ಗೋಡೆಗೆ ಹಾಕಿದೆ. ಹಾಕಿ ಹಿಂದೆ ಸರಿದು ನೋಡಿದರೆ ತುಂಗೆಯ ಮೇಲೆ ನಮ್ಮ ಅಂಗಳವಿತ್ತು: ಅಡಕೆ ಚಪ್ಪರದ ಕಂಬಗಳು, ಒಗೆದು ಹಾಕಿದ ಪಂಚೆ, ಒಂದು ತುಂಡು ಆಕಾಶ. ಹೊಳಪು ಮೈಯ ಎದುರು ಬಾಗಿಲಾಗಲಿ ಕಿಟಕಿಯಾಗಲಿ ಇರಬಾರದು. ಮರುದಿನ ಪಕ್ಕದ ಗೋಡೆಗೆ ಸರಿಸಿದೆ. ಬಾಗಿಲಿನ ಬೆಳಕು ಈಗ ಅಡ್ಡದಿಂದ ಬಂದು ಚಿತ್ರದ ಮೈ ಸವರಿಕೊಂಡು ಹೋಗುತ್ತದೆ, ಎದುರು ನಿಂತವರ ಕಣ್ಣಿಗೆ ಹೊಡೆಯುವುದಿಲ್ಲ. ನೇರ ಬಿಸಿಲು ಮಾತ್ರ ಬೀಳದಂತೆ ನೋಡಿಕೊಂಡೆ. ಲೋಹ ಅಂಜದಿದ್ದರೂ ಬಣ್ಣ ಬಿಸಿಲಿಗೆ ಅಂಜುತ್ತದೆ. ಚಿತ್ರಕ್ಕೆ ಕಟ್ಟು ಇಲ್ಲ. ಬೆನ್ನಿಗೆ ಅಂಟಿಸಿದ ಒಂದು ಚೌಕಟ್ಟು ಅದನ್ನು ಗೋಡೆಯಿಂದ ಅರ್ಧ ಅಂಗುಲ ಮುಂದೆ ಹಿಡಿದು ನಿಲ್ಲಿಸಿದೆ. ಸುತ್ತ ತೆಳುವಾದ ನೆರಳಿನ ಗೆರೆ, ಚಿತ್ರ ಗೋಡೆಯ ಮುಂದೆ ತೇಲುತ್ತಿರುವಂತೆ. ಅಜ್ಜನ ಕಾಲದ ಗಾಳಿಯಾಡುವ ಸಂದು ಬೇರೆ ರೂಪದಲ್ಲಿ ಮರಳಿ ಬಂದಿದೆ. ಗುಬ್ಬಚ್ಚಿಗೆ ಸಾಲುವಷ್ಟಿಲ್ಲ, ಅದೊಂದು ಕೊರತೆ.

ಬೆಳಿಗ್ಗೆ ಆ ಚಿತ್ರದಲ್ಲಿ ಮರಗಳು ಮುಂದೆ ಬರುತ್ತವೆ. ಹತ್ತು ಗಂಟೆಯ ಹೊತ್ತಿಗೆ ನೀರು. ಸಂಜೆ ದೇವರ ದೀಪ ಹಚ್ಚಿದಾಗ ಎಡಗಡೆಯ ಮೂಲೆಯಲ್ಲಿ, ನಾನು ಚಿತ್ರ ತೆಗೆಯುವಾಗ ಗಮನಿಸಿಯೇ ಇರದ ಒಂದು ಸುಳಿ ಹಳದಿಯಾಗಿ ತಿರುಗುತ್ತದೆ. ಎರಡು ಮಳೆಗಾಲ ಕಳೆದಿವೆ. ಅಮ್ಮ ವಾರಕ್ಕೊಮ್ಮೆ ಮೆದು ಬಟ್ಟೆಯಲ್ಲಿ ಒರೆಸುತ್ತಾರೆ, ಹೊಳೆಯನ್ನು ಮೊದಲು, ಹಕ್ಕಿಗಳನ್ನು ಆಮೇಲೆ.

ಅಪ್ಪ ತೀರಿಕೊಂಡ ಮೇಲೆ ಅವರ ಒಂದು ಫೋಟೊ ಮಾಡಿಸಬೇಕಾಯಿತು. ಅದನ್ನೂ ಲೋಹದ ಮೇಲೆ ಹಾಕಿಸಲೇ ಎಂದು ಕೇಳಿದೆ. ಮತ್ತೊಮ್ಮೆ ಅಮ್ಮ ಗಾಜಿಗೆ ಅಂಟಿದ ಮುಖ ನೋಡಬಾರದೆಂಬುದೇ ನನ್ನ ಆಸೆಯಾಗಿತ್ತು.

“ಬೇಡ ಮಾರಾಯ,” ಎಂದರು ಅಮ್ಮ. “ಹಾರ ಹಾಕೋದು ಎಲ್ಲಿಗೆ? ಅದಕ್ಕೆ ಕಟ್ಟೇ ಇಲ್ಲ. ಗಂಧ ಹಚ್ಚೋದಾದರೂ ಗಾಜಿಗೆ ಹಚ್ಚಿ ಅಭ್ಯಾಸ. ಅದರಲ್ಲಿ ಅವರ ಹಣೆಗೇ ಹಚ್ಚಿದ ಹಾಗೆ ಆಗ್ತದೆ. ನಂಗೆ ಕೈ ಬರೋದಿಲ್ಲ.”

ಗಾಜು ಚಿತ್ರಕ್ಕೂ ನಮಗೂ ನಡುವಿನ ಅಡ್ಡಿ ಎಂದಷ್ಟೇ ನಾನು ತಿಳಿದಿದ್ದೆ. ಅಮ್ಮನಿಗೆ ಆ ಅಡ್ಡಿ ಬೇಕಾಗಿತ್ತು. ಅಪ್ಪನ ಫೋಟೊವನ್ನು ಕಾಗದದ ಮೇಲೆಯೇ, ಪುಸ್ತಕದಷ್ಟು ಅಗಲಕ್ಕೆ ಮಾಡಿಸಿದೆ. ಗಾಜಿಗೂ ಫೋಟೊಗೂ ನಡುವೆ ಸುತ್ತ ದಪ್ಪ ರಟ್ಟಿನ ಅಂಚು ಕೊಡಿಸಿದೆ. ಈ ಅಂಚಿದ್ದರೆ ಎಷ್ಟು ತೇವವಾದರೂ ಫೋಟೊ ಗಾಜಿಗೆ ತಾಗುವುದಿಲ್ಲ. ಇಷ್ಟು ಚಿಕ್ಕ ವಿಷಯ ಮದುವೆಯ ಫೋಟೊ ಕಟ್ಟಿದ ದಿನ ಯಾರಿಗಾದರೂ ಹೊಳೆದಿದ್ದರೆ ಎಂದು ಈಗಲೂ ಸಂಕಟವಾಗುತ್ತದೆ. ಬುಡಕ್ಕೆ ಎರಡು ಮೊಳೆ, ತಲೆಗೆ ದಾರ, ತುಸು ಮುಂದಕ್ಕೆ ಬಾಗಿಸಿ, ಹಳೆಯ ಕ್ರಮದಲ್ಲೇ ಹಾಕಿದೆ. ಜಾಗ ಉಳಿದಿದ್ದದ್ದು ತುಂಗೆಯ ಚಿತ್ರದ ಎದುರು ಗೋಡೆಯಲ್ಲಿ ಮಾತ್ರ.

ಸಂಜೆ ದೀಪ ಹಚ್ಚಿದ ಮೇಲೆ ಗೊತ್ತಾಯಿತು. ಅಮ್ಮ ಕೂರುವ ಜಾಗದಿಂದ ನೋಡಿದರೆ ಅಪ್ಪನ ಗಾಜಿನ ಮೇಲೆ ಎದುರಿನ ಹೊಳೆ ಬೀಳುತ್ತದೆ. ಅಂಗಿಯ ಗುಂಡಿಗಳ ಎತ್ತರಕ್ಕೆ ನೀರು, ಭುಜದ ಬಳಿ ಎರಡು ಬೆಳ್ಳಕ್ಕಿ. ಪ್ರತಿಬಿಂಬ ಬೀಳದ ಹಾಗೆ ನಾಳೆ ಬೇರೆ ಗೋಡೆಗೆ ಸರಿಸುತ್ತೇನೆ ಎಂದೆ.

ಅಮ್ಮ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಿ ಸ್ವಲ್ಪ ಹೊತ್ತು ನೋಡಿ, “ಇರಲಿ ಬಿಡು” ಎಂದರು.