ಬೂಟು ತೊಳೆದು ಕಾಡಿಗೆ ಹೋದದ್ದು

ಎರಡು ವಾರದಿಂದ ತೋಟದ ಸುದ್ದಿ ಬರೆದಿಲ್ಲ. ಆಕ್ಲೆಂಡಲ್ಲಿರೋ ಮಗಳು-ಅಳಿಯ ನಮ್ಮಿಬ್ಬರನ್ನೂ ಕರೆಸಿಕೊಂಡು ಹಡಗು ಹತ್ತಿಸಿದ್ರು. ನ್ಯೂಜಿಲೆಂಡಿನ ಉತ್ತರಕ್ಕೆ ಬೇ ಆಫ್ ಐಲ್ಯಾಂಡ್ಸ್ ಅಂತ ಕೊಲ್ಲಿ ಇದೆ. ಹಡಗು ನಡುನೀರಲ್ಲೇ ಲಂಗರು ಹಾಕುತ್ತೆ, ಸಣ್ಣ ದೋಣಿಯಲ್ಲಿ ನಮ್ಮನ್ನ ವೈಟಾಂಗಿಯಲ್ಲಿ ಇಳಿಸಿದ್ರು. ಅಲ್ಲಿಂದ ಬಸ್ಸಲ್ಲಿ ಪುಕೆಟಿ ಕಾಡು, ಆಮೇಲೆ ಕವಿಟಿ ಗುಹೆ. ಸಂಜೆಯೊಳಗೆ ವಾಪಸ್.

ಪುಕೆಟಿಯಲ್ಲಿ ಇರೋದು ಕೌರಿ ಮರ. ಕೆಳಗಿನ ಕೊಂಬೆಗಳನ್ನ ತಾನೇ ಉದುರಿಸಿಕೊಂಡು ಕಂಬದ ಹಾಗೆ ನೆಟ್ಟಗೆ ಹೋಗುತ್ತೆ. ಸಾವಿರ ವರ್ಷ ದಾಟಿ ಬದುಕೋ ಜಾತಿ. ತೊಗಟೆ ಚಕ್ಕೆ ಚಕ್ಕೆಯಾಗಿ ಕಳಚುತ್ತಾ ಇರೋದ್ರಿಂದ ಬಳ್ಳಿಗಳಿಗೆ ಹಿಡಿತ ಸಿಗಲ್ಲ. "ಇದಕ್ಕೆ ಮೆಣಸು ಹಬ್ಬಿಸೋಕೆ ಆಗಲ್ಲ ಬಿಡಿ" ಅಂದಳು ನಮ್ಮನೆಯವಳು.

ಕಾಡಿನ ಬಾಗಿಲಲ್ಲೇ ಬ್ರಷ್ಷು, ಔಷಧಿ ಇಟ್ಟಿದ್ದಾರೆ. ಬೂಟಿನ ಅಡಿಯ ಮಣ್ಣು ಪೂರಾ ಉಜ್ಜಿ, ಔಷಧಿ ತಾಗಿಸಿಕೊಂಡೇ ಒಳಗೆ ಹೋಗಬೇಕು. ಬರುವಾಗಲೂ ಅಷ್ಟೇ. ಒಳಗೆ ಹಲಗೆ ಹಾಸಿದ ದಾರಿ ಬಿಟ್ಟು ಇಳಿಯೋ ಹಾಗಿಲ್ಲ. ಯಾಕೆ ಅಂತ ಅಳಿಯನ ಹತ್ರ ಕೇಳಿಸಿದೆ. ಕೌರಿಗೆ ಒಂದು ಬೇರು ರೋಗ ಬಂದಿದೆಯಂತೆ. ಬುಡದಲ್ಲಿ ಅಂಟು ಸುರಿಯುತ್ತೆ, ಎಲೆ ಹಳದಿಯಾಗುತ್ತೆ, ನೆತ್ತಿ ಬರಿದಾಗಿ ಮರ ಸಾಯುತ್ತೆ. ವಾಸಿ ಮಾಡೋ ಮದ್ದಿಲ್ಲ. ರೋಗ ತರೋದರ ಹೆಸರು ಫೈಟಾಫ್ತೊರಾ.

ಈ ಹೆಸರು ಮಲೆನಾಡಿನವರಿಗೆ ಹೊಸದಲ್ಲ. ಅಡಿಕೆಗೆ ಕೊಳೆ ತರೋದು, ಮೆಣಸಿಗೆ ಶೀಘ್ರ ಸೊರಗು ತರೋದು ಇದೇ ಕುಲ. ಜಾತಿ ಮಾತ್ರ ಬೇರೆ. ಕೌರಿಯದ್ದಕ್ಕೆ ಸ್ವಂತ ಹೆಸರು ಕೊಟ್ಟಿದ್ದು 2015ರಲ್ಲಿ. ಅಲ್ಲೂ ಮರದ ಕಾಂಡಕ್ಕೆ ಫಾಸ್ಫೈಟ್ ಚುಚ್ಚುತ್ತಾರೆ. ನಾವು ಬಳ್ಳಿಗೆ ಕೊಡೋ ಪೊಟ್ಯಾಷಿಯಂ ಫಾಸ್ಫೋನೇಟ್ ಬಳಗದ್ದೇ. ರೋಗ ನಿಧಾನ ಆಗುತ್ತೆ, ಪೂರ್ತಿ ಹೋಗಲ್ಲ. ಕೌರಿಯ ಆಹಾರ ಹೀರೋ ಸಣ್ಣ ಬೇರುಗಳು ಮೇಲ್ಮಣ್ಣಲ್ಲೇ ಇರ್ತಾವೆ. ಚಿಟಿಕೆ ಮಣ್ಣು ಸಾಕು, ರೋಗ ಒಂದು ಕಾಡಿಂದ ಇನ್ನೊಂದಕ್ಕೆ ಹೋಗೋಕೆ.

ಗುಹೆ ಅಲ್ಲಿನ ಮಾವೊರಿ ಮನೆತನದ್ದು. ಅವರೇ ಲಾಟೀನು ಹಿಡಿದು ಕರ್ಕೊಂಡು ಹೋದ್ರು. ದೀಪ ಆರಿಸಿದ ಮೇಲೆ ಚಾವಣಿ ತುಂಬಾ ನೀಲಿ-ಹಸಿರು ಚುಕ್ಕಿ. ನಮ್ಮ ಮಿಂಚುಹುಳದ ಹಾಗೆ ಮಿನುಗಲ್ಲ, ಸುಮ್ಮನೆ ಉರಿಯುತ್ತೆ. ಇದು ಒಂಥರಾ ಗುಂಗುರು ನೊಣದ ಮರಿ. ಅಂಟಿನ ಹನಿ ಪೋಣಿಸಿದ ದಾರ ಇಳಿಬಿಟ್ಟು, ಬೆಳಕಿಗೆ ಬರೋ ಹುಳ ಹಿಡಿದು ತಿನ್ನುತ್ತೆ. ಹೀಗೇ ತಿಂಗಳುಗಟ್ಟಲೆ ಬೆಳೆದು, ನೊಣವಾದ ಮೇಲೆ ಏನೂ ತಿನ್ನದೆ ಕೆಲವೇ ದಿನದಲ್ಲಿ ಸಾಯುತ್ತೆ. ತೊಂದರೆ ಕೊಟ್ಟರೆ ಬೆಳಕು ಆರಿಸಿಕೊಳ್ಳುತ್ತೆ. ಅದಕ್ಕೇ ಮುಟ್ಟಬೇಡಿ, ಗಲಾಟೆ ಮಾಡಬೇಡಿ ಅಂದ್ರು. ಕಾಡಲ್ಲಿ ಕಾಲಿಗೆ ಕಾವಲು, ಇಲ್ಲಿ ಕೈಗೆ, ಬಾಯಿಗೆ ಕಾವಲು. ನೋಡೋಕೆ ಬಂದವರು ಏನು ಹೊತ್ತು ತರ್ತಾರೆ ಅನ್ನೋದನ್ನ ಆ ಜನ ಮೊದಲು ಲೆಕ್ಕ ಹಾಕ್ತಾರೆ.

ಹೋದ ಮಳೆಗಾಲ ನಮ್ಮ ಕೆಳಗಿನ ತೋಟದಲ್ಲಿ ನಲವತ್ತು ಮೆಣಸಿನ ಬಳ್ಳಿ ಹತ್ತು ದಿನದಲ್ಲಿ ಸೊರಗಿ ಹೋಯ್ತು. ಮೇಲಿನ ತೋಟ ಇನ್ನೂ ಚೆನ್ನಾಗಿದೆ. ಈ ವರ್ಷದ ಸಾಲ ತೀರೋದು ಆ ಮೇಲಿನ ಬಳ್ಳಿಗಳಿಂದಲೇ. ಕೊಳೆ ಮಳೆ ಹನಿ ಸಿಡಿದು ಹರಡುತ್ತೆ, ಸೊರಗಿನ ಬೀಜಾಣು ಹರಿಯೋ ನೀರಲ್ಲೂ ಬರುತ್ತೆ. ಕಾಲು ತೊಳೆದರೆ ಎಲ್ಲಾ ನಿಲ್ಲುತ್ತೆ ಅಂತ ನಾನು ಹೇಳಲ್ಲ. ಬಸಿಗಾಲುವೆ, ಬೋರ್ಡೋ ಬಿಡೋ ಹಾಗಿಲ್ಲ. ಆದರೆ ಕೆಸರು ಮೆತ್ತಿದ ಕಾಲು, ಗುದ್ದಲಿ, ಬುಟ್ಟಿ ಮಾತ್ರ ನಮ್ಮ ಕೈಯಲ್ಲೇ ಇರೋ ವಿಷಯ.

ಮೇಲಿನ ತೋಟದ ದಣಪೆ ಹತ್ರ ಒಂದು ಡ್ರಮ್ಮು ನೀರು, ಬ್ರಷ್ಷು, ಔಷಧಿ ಬೆರೆಸಿದ ಟ್ರೇ ಇಡ್ತಾ ಇದ್ದೀನಿ. "ಇದೇನು ದೇವಸ್ಥಾನನಾ ಮಾರಾಯ್ರೇ" ಅಂತ ನಗೋರು ನಗಲಿ. ಮನೆಗೆ ಬಂದವರಿಗೆ ಜಗಲಿ ಹತ್ತೋ ಮೊದಲು ಕಾಲಿಗೆ ನೀರು ಕೊಡೋ ಊರು ನಮ್ಮದು, ತೋಟಕ್ಕೂ ಅಷ್ಟು ಮರ್ಯಾದೆ ಇರಲಿ. ನಿಮ್ಮಲ್ಲಿ ಯಾರಾದ್ರೂ ಆಗಲೇ ಹೀಗೆ ಮಾಡ್ತಿದ್ರೆ, ಟ್ರೇಗೆ ಏನು ಹಾಕ್ತೀರಿ, ಎಷ್ಟು ದಿನಕ್ಕೆ ಬದಲಾಯಿಸ್ತೀರಿ, ದಯವಿಟ್ಟು ತಿಳಿಸಿ.